ಕೊಟ್ಟ ಕೈ, ಕೊಂಡ ಕೈ

ಮನೆಯೊಳಗಿನ ದುಡ್ಡಿಗೆ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಹಟ್ಟಿಗೊಂದು ಕರೆಯುವ ಹಸು ಬಂತೆನ್ನಿ. ಅಡಕೆ ಮಾರಿದ ಹಣ ಅಣ್ಣನ ಕೈಯಲ್ಲಿತ್ತು. ಬೆಲೆ ಕುದುರಿಸಿದವನು ಭಾವ. ಹಗ್ಗ ಹಿಡಿದು ನಡೆಸಿಕೊಂಡು ಬಂದವನು ತಮ್ಮ. ಹಿಂಡಿ ಕಲಸಿ ಹಾಲು ಕರೆಯುವವಳು ಅತ್ತಿಗೆ. ಹಸು ಯಾರದೆಂದು ಕೇಳಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಮನೆಯದು." ಇದನ್ನು ಇನ್ನೂ ಬಿಡಿಸಿ ಕೇಳುವವನು ಒಂದೋ ಪತ್ತೇದಾರನಿರಬೇಕು, ಇಲ್ಲವೇ ಪಾಲು ಕೇಳಲು ಬಂದವನಿರಬೇಕು.

'ಮನೆಯದು' ಎಂಬ ಈ ಒಂದು ಶಬ್ದದ ನೆರಳಿನಲ್ಲಿ ನಾವು ಎಷ್ಟೋ ತಲೆಮಾರು ಸುಖವಾಗಿ ಬಾಳಿದ್ದೇವೆ. ಆದರೆ ಕಾಯಿದೆಯ ಕಣ್ಣಿಗೆ ಮನೆ ಕಾಣಿಸುವುದು ಅಪೂರ್ವ. ಅದಕ್ಕೆ ಕಾಣಿಸುವುದು ಆಳು, ಆಳಿನ ಹೆಸರು, ಹೆಸರಿನ ಕೆಳಗಿನ ರುಜು. ಕೊಟ್ಟ ಕೈ ಯಾವುದು, ಕೊಂಡ ಕೈ ಯಾವುದು ಎಂದು ಅದು ಕೇಳುತ್ತದೆ. ಎರಡೂ ಒಂದೇ ಮೈಯ ಕೈಗಳಾಗಿದ್ದರೆ ಸರಿ. ಮಾವನ ಒಂದು ಕೈ, ಅಳಿಯನ ಒಂದು ಕೈ ಎಂದಾದರೆ ಅದು ತನ್ನ ಪುಸ್ತಕವನ್ನು ಮಡಚಿಡುತ್ತದೆ. ಬ್ರಿಟನ್ನಿನಲ್ಲಿ ನೆಲೆಸಿದ ನಮ್ಮವರ ಮನೆಯೊಂದರಲ್ಲಿ ಕಾರು ಕೊಂಡ ಪ್ರಸಂಗ ಈ ವಿಚಾರವನ್ನು ನನ್ನ ಮನಸ್ಸಿನಲ್ಲಿ ಎಬ್ಬಿಸಿತು. ಗಡಿನಾಡಿನ ಮನೆಗಳಿಂದ ಇಂದು ಎಷ್ಟೋ ಮಕ್ಕಳು ದಾದಿಯರಾಗಿ, ಇಂಜಿನಿಯರರಾಗಿ, ವಿದ್ಯಾರ್ಥಿಗಳಾಗಿ ಆ ದ್ವೀಪಕ್ಕೆ ಹೋಗುತ್ತಿರುವುದರಿಂದ ಇದನ್ನು ವಾಚಕರೊಡನೆ ಹಂಚಿಕೊಳ್ಳುವುದು ಅನುಚಿತವಾಗಲಾರದೆಂದು ನಂಬುತ್ತೇನೆ.

ಮೊದಲು ಆ ದೇಶದ ಕಾಯಿದೆಯ ವಿಷಯ. ಅಲ್ಲಿ 1974ರಲ್ಲಿ ಗ್ರಾಹಕರ ಸಾಲವನ್ನು ಕುರಿತು ಒಂದು ಶಾಸನವಾಯಿತು. ಅದಕ್ಕೆ ಮೂರು ವರ್ಷ ಮೊದಲು, 1971ರಲ್ಲಿ, ಕ್ರೌಥರ್ ಸಮಿತಿ ತನ್ನ ವರದಿಯನ್ನು ಒಪ್ಪಿಸಿತ್ತು. ಸಾಲ ಕೊಡುವ ಸಂಸ್ಥೆಯೂ ಸರಕು ಮಾರುವ ಅಂಗಡಿಯೂ ಒಳಗೊಳಗೆ ಕೈಜೋಡಿಸಿ ಲಾಭ ಪಡೆಯುತ್ತವೆ, ಸರಕು ಕೆಟ್ಟದ್ದಾದರೆ ಮಾತ್ರ ಸಾಲ ಕೊಟ್ಟವನು "ನನಗೂ ಅಂಗಡಿಗೂ ಏನು ಸಂಬಂಧ? ನನ್ನ ಕಂತನ್ನು ಕಟ್ಟು" ಎನ್ನುತ್ತಾನೆ; ಇದು ನ್ಯಾಯವಲ್ಲ ಎಂಬುದು ಆ ಶಾಸನದ ಹಿಂದಿದ್ದ ವಿಚಾರ. ಇದರ ಫಲವಾಗಿ ಹುಟ್ಟಿದ್ದು ಅದರ 75ನೆಯ ಕಲಮು. ಕ್ರೆಡಿಟ್ ಕಾರ್ಡಿನಿಂದ ಹಣ ತೆತ್ತು ಕೊಂಡ ವಸ್ತುವಿನ ಬಗ್ಗೆ ಮಾರಿದವನು ಸುಳ್ಳು ಹೇಳಿದ್ದರೆ, ಅಥವಾ ಕರಾರಿಗೆ ತಪ್ಪಿದ್ದರೆ, ಕೊಂಡವನು ಅಂಗಡಿಯ ಮೇಲೆ ಯಾವ ಹಕ್ಕನ್ನು ಸಾಧಿಸಬಹುದೋ ಅದೇ ಹಕ್ಕನ್ನು ಕಾರ್ಡು ಕೊಟ್ಟ ಬ್ಯಾಂಕಿನ ಮೇಲೆಯೂ ಸಾಧಿಸಬಹುದು. ಅಂಗಡಿ, ಬ್ಯಾಂಕು ಇವೆರಡೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ಅಂಗಡಿ ದಿವಾಳಿಯೆದ್ದರೂ ಬ್ಯಾಂಕು ಓಡಿಹೋಗುವಂತಿಲ್ಲ.

ಈ ಕಲಮಿನ ಔದಾರ್ಯ ದೊಡ್ಡದು. ವಸ್ತುವಿನ ಬೆಲೆ 100 ಪೌಂಡಿಗೆ ಮೇಲ್ಪಟ್ಟು 30,000 ಪೌಂಡನ್ನು ಮೀರದಿದ್ದರೆ ಸಾಕು. ಪೂರ್ತಿ ಬೆಲೆಯನ್ನು ಕಾರ್ಡಿನಿಂದಲೇ ಕೊಡಬೇಕೆಂದೂ ಇಲ್ಲ. ಹತ್ತು ಸಾವಿರದ ಕಾರಿಗೆ ಮುಂಗಡವೆಂದು ಐವತ್ತು ಪೌಂಡನ್ನು ಕಾರ್ಡಿನಿಂದ ಕೊಟ್ಟು, ಮಿಕ್ಕದ್ದನ್ನು ನಗದಾಗಿಯೋ ಬ್ಯಾಂಕಿನ ವರ್ಗಾವಣೆಯಿಂದಲೋ ಸಲ್ಲಿಸಿದರೂ ಬ್ಯಾಂಕಿನ ಹೊಣೆ ಐವತ್ತಕ್ಕೆ ನಿಲ್ಲುವುದಿಲ್ಲ. ಇಡಿಯ ಕಾರಿಗೆ ವ್ಯಾಪಿಸುತ್ತದೆ. ಖಾತೆಯಲ್ಲಿದ್ದ ಹಣವನ್ನೇ ತೆಗೆದುಕೊಡುವ ಡೆಬಿಟ್ ಕಾರ್ಡಿಗೆ ಈ ಭಾಗ್ಯವಿಲ್ಲ, ಏಕೆಂದರೆ ಅಲ್ಲಿ ಸಾಲವೆಂಬುದೇ ಇಲ್ಲ. ಸಾಲ ಮಾಡಿ ಕೊಂಡವನಿಗೆ ಸ್ವಂತ ದುಡ್ಡಿನಿಂದ ಕೊಂಡವನಿಗಿಂತ ಹೆಚ್ಚಿನ ರಕ್ಷಣೆ! ಸಾಲವಿಲ್ಲದ ಬಾಳೇ ಸುಖದ ಬಾಳೆಂದು ಕಲಿತು ಬೆಳೆದ ನಮ್ಮಂಥವರಿಗೆ ಇದು ಸೋಜಿಗವಾಗಿ ತೋರುವುದು ಸಹಜ.

ಈ ಔದಾರ್ಯದ ಬುಡದಲ್ಲಿ ಒಂದು ಬಿಗಿಯಾದ ಗಂಟಿದೆ. ಸಾಲಗಾರ, ಸಾಲ ಕೊಟ್ಟವನು, ಸರಕು ಕೊಟ್ಟವನು ಎಂಬ ಮೂವರು ಒಂದು ತ್ರಿಕೋನದ ಮೂರು ಮೂಲೆಗಳಲ್ಲಿ ನಿಲ್ಲಬೇಕು. ಬ್ಯಾಂಕಿಗೆ ಸಾಲಗಾರನಾದವನೇ ಅಂಗಡಿಗೆ ಗಿರಾಕಿಯೂ ಆಗಿರಬೇಕು. ಕಲಮಿನ ಮಾತು ಇರುವುದೇ ಹಾಗೆ: ಸಾಲಗಾರನಿಗೆ ಅಂಗಡಿಯ ಮೇಲೆ ಹಕ್ಕಿದ್ದರೆ ಅದೇ ಹಕ್ಕು ಬ್ಯಾಂಕಿನ ಮೇಲೆಯೂ ಉಂಟು. ಸಾಲಗಾರನೊಬ್ಬ, ಗಿರಾಕಿ ಮತ್ತೊಬ್ಬ ಎಂದಾದರೆ ತ್ರಿಕೋನಕ್ಕೆ ನಾಲ್ಕನೆಯ ಮೂಲೆ ಹುಟ್ಟಿ ಗಂಟು ಕಳಚುತ್ತದೆ. ನೆಂಟರು ನೆರವಿಗೆ ಬಂದಾಗ ಆಗುವುದು ಇದೇ.

ಹೊಸದಾಗಿ ಆ ದೇಶಕ್ಕೆ ಹೋದವನಿಗೆ ನೆಂಟರ ನೆರವು ಬೇಕಾಗುವುದಕ್ಕೂ ಕಾರಣವಿದೆ. ಅಲ್ಲಿ ಸಾಲ ಕೊಡುವ ಮುನ್ನ ಮನುಷ್ಯನ ಹಿಂದಿನ ಸಾಲಗಳ ಚರಿತ್ರೆಯನ್ನು ನೋಡುತ್ತಾರೆ. ಊರಿನಲ್ಲಿ ಒಂದು ಕಾಸಿನ ಕಡವನ್ನೂ ಉಳಿಸಿಕೊಳ್ಳದ ಸಭ್ಯ ಗೃಹಸ್ಥನೂ ಆ ಚರಿತ್ರೆಯ ಪುಸ್ತಕದಲ್ಲಿ ಬರಿಯ ಬಿಳಿಯ ಹಾಳೆ. ಬಿಳಿಯ ಹಾಳೆಗೆ ಒಳ್ಳೆಯ ಕಾರ್ಡು ಬೇಗನೆ ದೊರೆಯುವುದಿಲ್ಲ. ಹೀಗಿರುವಲ್ಲಿ ಇಪ್ಪತ್ತು ವರ್ಷದಿಂದ ಅಲ್ಲಿರುವ ಮಾವನೋ ದೊಡ್ಡಪ್ಪನೋ, "ಮುಂಗಡವನ್ನು ನನ್ನ ಕಾರ್ಡಿನಿಂದ ಕೊಟ್ಟರಾಯಿತು, ಬಿಡು" ಎನ್ನುವುದು ಎಷ್ಟು ಸ್ವಾಭಾವಿಕ!

ನನ್ನ ತಮ್ಮನೂ ಹಾಗೆಯೇ ಅಂದ. ಅವನು ಅಲ್ಲಿ ನೆಲೆಸಿ ಬಹುಕಾಲವಾಯಿತು. ತಂಗಿಯ ಮಗ ಕೆಲಸಕ್ಕೆಂದು ಹೋಗಿ ಕೆಲವೇ ತಿಂಗಳಾಗಿತ್ತು. ಬೆಳಗಿನ ಪಾಳಿಗೆ ಬಸ್ಸಿಲ್ಲದ ಊರು, ಕಾರಿಲ್ಲದೆ ಗತ್ಯಂತರವಿಲ್ಲ. ಹಳೆಯ ಕಾರುಗಳನ್ನು ಮಾರುವ ಅಂಗಡಿಯೊಂದರಲ್ಲಿ 7,200 ಪೌಂಡಿನ ಗಾಡಿಯೊಂದನ್ನು ಅವನು ನೋಡಿ ಒಪ್ಪಿದ. ಮಾವ ದೂರವಾಣಿಯ ಮೂಲಕವೇ ತನ್ನ ಕಾರ್ಡಿನಿಂದ ಸಾವಿರ ಪೌಂಡು ಮುಂಗಡ ಕೊಟ್ಟ. ಉಳಿದ 6,200ನ್ನು ಹುಡುಗ ತನ್ನ ಉಳಿತಾಯದಿಂದಲೂ ತಾಯಿ ಕಳಿಸಿದ ಹಣದಿಂದಲೂ ಕೂಡಿಸಿ ಬ್ಯಾಂಕಿನ ಮೂಲಕ ಸಲ್ಲಿಸಿದ. ಬಿಲ್ಲು ಹುಡುಗನ ಹೆಸರಿನಲ್ಲಾಯಿತು. ಕಾರು ಅವನದು ತಾನೆ? ಬೇರೆ ಯಾರ ಹೆಸರನ್ನು ಬರೆಯಬೇಕು?

ಎರಡನೆಯ ತಿಂಗಳಲ್ಲಿ ಗೇರ್‌ಬಾಕ್ಸು ಕೈಕೊಟ್ಟಿತು. 2015ರ ಅಲ್ಲಿನ ಗ್ರಾಹಕ ಹಕ್ಕುಗಳ ಶಾಸನದ ಪ್ರಕಾರ, ಅಂಗಡಿಯಿಂದ ಕೊಂಡ ವಸ್ತುವನ್ನು ದೋಷವಿದ್ದರೆ ಮೂವತ್ತು ದಿನಗಳೊಳಗೆ ಹಿಂದಿರುಗಿಸಿ ಪೂರ್ತಿ ಹಣ ಕೇಳಬಹುದು. ಆ ಬಳಿಕವೂ ಆರು ತಿಂಗಳೊಳಗೆ ಕಾಣಿಸಿಕೊಂಡ ದೋಷ ಮಾರುವಾಗಲೇ ಇತ್ತೆಂದು ಸಾಮಾನ್ಯವಾಗಿ ಭಾವಿಸತಕ್ಕದ್ದು; ಇರಲಿಲ್ಲವೆಂದು ತೋರಿಸುವ ಹೊರೆ ಮಾರಿದವನದು. ಒಮ್ಮೆ ರಿಪೇರಿ ಮಾಡಿಕೊಡಲು ಅವನಿಗೆ ಅವಕಾಶ. ಅದೂ ಆಗದಿದ್ದರೆ ಬೆಲೆಯಿಳಿಸಬೇಕು, ಇಲ್ಲವೇ ಗಾಡಿಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಕಾಯಿದೆಯೇನೋ ಸೊಗಸಾಗಿದೆ, ಹುಡುಗ ಹೋಗಿ ನೋಡುವಾಗ ಅಂಗಡಿಯ ಬಾಗಿಲಿಗೆ ಬೀಗ. ಆಗ ಮಾವ ಧೈರ್ಯ ಹೇಳಿದ: "ನನ್ನ ಕಾರ್ಡಿನ ಬ್ಯಾಂಕಿದೆಯಲ್ಲ!" ಬ್ಯಾಂಕಿಗೆ ಬರೆದ. ಬಂದ ಉತ್ತರ ವಿನಯಪೂರ್ಣವಾಗಿತ್ತು. ಅದರ ಸಾರಾಂಶವಿಷ್ಟು: ತಾವು ನಮ್ಮ ಸಾಲಗಾರರು ನಿಜ, ಆದರೆ ಆ ಅಂಗಡಿಯಿಂದ ತಾವೇನೂ ಕೊಂಡಿಲ್ಲ. ಕೊಂಡವರು ತಮ್ಮ ಅಳಿಯ; ಅವರು ನಮ್ಮ ಸಾಲಗಾರರಲ್ಲ. ಆದುದರಿಂದ 75ನೆಯ ಕಲಮು ಇಲ್ಲಿಗೆ ಅನ್ವಯಿಸುವುದಿಲ್ಲ.

ಬ್ಯಾಂಕು ಇನ್ನೊಂದು ಬಾಗಿಲನ್ನು ಮಾತ್ರ ತೆರೆದು ತೋರಿಸಿತು. ಅದಕ್ಕೆ 'ಚಾರ್ಜ್‌ಬ್ಯಾಕ್' ಎಂದು ಹೆಸರು. ಇದು ಶಾಸನದಿಂದ ಬಂದ ಹಕ್ಕಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಮುಂತಾದ ಜಾಲಗಳು ತಮ್ಮೊಳಗೆ ಮಾಡಿಕೊಂಡ ನಿಯಮ. ಗೊತ್ತಾದ ಅವಧಿಯೊಳಗೆ, ಸಾಮಾನ್ಯವಾಗಿ 120 ದಿನಗಳೊಳಗೆ, ದೂರು ಕೊಟ್ಟರೆ ಕಾರ್ಡಿನಿಂದ ಹೋದ ಹಣವನ್ನು ಅಂಗಡಿಯ ಬ್ಯಾಂಕಿನಿಂದ ಹಿಂದಕ್ಕೆ ಕೇಳುತ್ತಾರೆ. ಅಂಗಡಿಯವನಿಂದ ಮರುಮಾತು ಬರಲಿಲ್ಲವಾಗಿ ಮಾವನ ಸಾವಿರ ಪೌಂಡು ಮಾವನಿಗೆ ಮರಳಿತು. ಆದರೆ ಚಾರ್ಜ್‌ಬ್ಯಾಕಿನ ಕೈ ಕಾರ್ಡಿನಿಂದ ಹೋದಷ್ಟಕ್ಕೆ ಮಾತ್ರ ನಿಲುಕುವುದು. ಹುಡುಗನ 6,200 ಹೋದದ್ದು ಹೋಯಿತು.

ಈಗ ಹುಟ್ಟಿದ್ದು ನಿಜವಾದ ಪೇಚು. ಮಾವ ಆ ಸಾವಿರವನ್ನು ಅಳಿಯನಿಗೆ ಕಳಿಸಿದ: "ನಷ್ಟ ಆದದ್ದು ನಿನಗೆ." ಅಳಿಯ ಅದನ್ನು ಹಿಂದಕ್ಕೆ ಕಳಿಸಿದ: "ಹಣ ನಿಮ್ಮದು ಮಾವ, ನಿಮಗೆ ಬಂದದ್ದು." ಹೀಗೆ ಎರಡು ಸಲ ಅದು ಹೋಗಿ ಬಂತು. ಮೂರನೆಯ ಸಲ ಮಾವನಿಗೆ ಸಿಟ್ಟು ಬಂತು. ಅಳಿಯ ಮೌನ ಹಿಡಿದ. ತಂಗಿ ನನ್ನನ್ನು ಕರೆದು ಕೇಳಿದಳು: "ಅಣ್ಣಾ, ಆ ದುಡ್ಡು ಯಾರದ್ದು ಹೇಳು ನೋಡುವ?" ಅದುವರೆಗೆ ನಮ್ಮಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ದೂರದೇಶದ ಬ್ಯಾಂಕೊಂದು ಒಂದು ಕಾಗದದಿಂದ ನಮ್ಮ ಬಾಯಲ್ಲಿ ಕೇಳಿಸಿತು. ಕೊನೆಗೆ ಆ ಹಣ ಗೇರ್‌ಬಾಕ್ಸಿನ ರಿಪೇರಿಗೆ ಹೋಯಿತು. ಸಾಲದೆ ಬಿದ್ದದ್ದನ್ನು ಹುಡುಗ ಕಂತಿನಲ್ಲಿ ಕಟ್ಟಿದ. ಕಾರು ಓಡುತ್ತಿದೆ. ಮಾವ ಅಳಿಯಂದಿರ ನಡುವೆ ಮೊದಲಿನ ಸಲಿಗೆ ಮರಳಲು ಮಾತ್ರ ಮುಂದಿನ ಓಣಂ ರಜೆಯವರೆಗೆ ಕಾಯಬೇಕಾಯಿತು.

ಆ ಬ್ಯಾಂಕನ್ನು ನಿಷ್ಕರುಣಿಯೆಂದು ಬೈದರೆ ಪ್ರಯೋಜನವಿಲ್ಲ. ಆಂಗ್ಲ ನ್ಯಾಯದ ಹಳೆಯ ಹಾದಿಯೇ ಅಂಥದು. 1861ರಲ್ಲಿ ಟ್ವೆಡಲ್ ಎಂಬವನ ವ್ಯಾಜ್ಯವೊಂದು ನಡೆಯಿತು. ವಧೂವರರ ತಂದೆಯರಿಬ್ಬರೂ ಸೇರಿ ವರನಿಗೆ ಇಂತಿಷ್ಟು ಹಣ ಕೊಡುವುದೆಂದು ತಮ್ಮೊಳಗೆ ಕರಾರು ಬರೆದುಕೊಂಡಿದ್ದರು. ವಧುವಿನ ತಂದೆ ಕೊಡದೆಯೇ ತೀರಿಕೊಂಡ. ವರ ಕೋರ್ಟಿಗೆ ಹೋದಾಗ ನ್ಯಾಯಾಧೀಶರು ಹೇಳಿದ್ದೇನೆಂದರೆ, ಆ ಕರಾರಿಗೆ ವರನು ತನ್ನ ಕಡೆಯಿಂದ ಯಾವ ಪ್ರತಿಫಲವನ್ನೂ ಕೊಟ್ಟವನಲ್ಲ, ಅವನಿಗೆ ಹಕ್ಕಿಲ್ಲ. ಮದುವೆ ಅವನದೇ, ಹಣವೂ ಅವನಿಗೇ. ಆದರೂ ಅವನು ಮೂರನೆಯವನು! ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನಲ್ಲಿ 1928ರಲ್ಲಿ ನಡೆದ ಸಂಗತಿ ಇನ್ನೂ ಪ್ರಸಿದ್ಧವಾದದ್ದು. ಡಾನಹ್ಯೂ ಎಂಬ ಹೆಂಗಸಿಗೆ ಗೆಳತಿಯೊಬ್ಬಳು ಶುಂಠಿಯ ಪಾನೀಯದ ಬಾಟಲಿಯೊಂದನ್ನು ಕೊಡಿಸಿದಳು. ಅದರೊಳಗೆ ಕೊಳೆತ ಬಸವನಹುಳು ಇತ್ತೆಂಬುದು ಆಕೆಯ ದೂರು. ಕುಡಿದವಳು ಆಕೆ, ದುಡ್ಡು ಕೊಟ್ಟವಳು ಗೆಳತಿ. ಆದುದರಿಂದ ಅಂಗಡಿಯವನ ಮೇಲೆ ಕರಾರಿನ ಹಕ್ಕು ಆಕೆಗಿರಲಿಲ್ಲ. ಆಕೆ ಪಾನೀಯವನ್ನು ತಯಾರಿಸಿದವನ ಮೇಲೆಯೇ ದಾವೆ ಹೂಡಬೇಕಾಯಿತು. 1932ರಲ್ಲಿ ಪ್ರಭುಗಳ ಸಭೆ ಮೂವರಿಗಿಬ್ಬರ ಬಹುಮತದಿಂದ ಆಕೆಯ ಕಡೆಗೆ ತೀರ್ಪು ಕೊಟ್ಟಿತು. ಅಲಕ್ಷ್ಯದ ಹೊಣೆಗಾರಿಕೆಯೆಂಬ ಇಡಿಯ ನ್ಯಾಯಶಾಖೆ ಆ ಬಾಟಲಿಯಿಂದ ಬೆಳೆಯಿತೆನ್ನುತ್ತಾರೆ. ಗೆಳತಿಯ ಸೌಜನ್ಯವನ್ನು ಕರಾರಿನ ಕಾಯಿದೆ ಲೆಕ್ಕಕ್ಕೆ ಹಿಡಿದಿದ್ದರೆ ಅದಕ್ಕೆ ಅಷ್ಟು ಬಳಸುದಾರಿ ಬೇಕಾಗುತ್ತಿರಲಿಲ್ಲ.

ಇದೇ ಆಂಗ್ಲರು ನಮ್ಮ ನೆಲದಲ್ಲಿ ಕಾಯಿದೆ ಬರೆಯುವಾಗ ಬೇರೊಂದು ದಾರಿ ಹಿಡಿದರು. 1872ರ ಭಾರತೀಯ ಕರಾರು ಕಾಯಿದೆಯಲ್ಲಿ ಪ್ರತಿಫಲವನ್ನು ವಚನ ಪಡೆದವನೇ ಕೊಡಬಹುದು, 'ಅಥವಾ ಬೇರೆ ಯಾವನೇ ವ್ಯಕ್ತಿ' ಕೊಡಬಹುದು ಎಂಬ ಮಾತು ಸೇರಿತು. ಹತ್ತು ವರ್ಷದೊಳಗೆ ಅದರ ಪರೀಕ್ಷೆ ಮದರಾಸಿನ ಹೈಕೋರ್ಟಿನಲ್ಲಿ ನಡೆಯಿತು. ಚಿನ್ನಯ್ಯ, ರಾಮಯ್ಯ ಎಂಬ ಹೆಸರಿನಿಂದ ಕಾನೂನಿನ ವಿದ್ಯಾರ್ಥಿಗಳೆಲ್ಲ ಓದುವ ವ್ಯಾಜ್ಯವದು. ವೃದ್ಧೆಯೊಬ್ಬಳು ತನ್ನ ಆಸ್ತಿಯನ್ನು ಮಗಳಿಗೆ ದಾನ ಬರೆದುಕೊಟ್ಟು, ಪ್ರತಿವರ್ಷ ಇಷ್ಟು ಹಣವನ್ನು ತನ್ನ ತಂಗಿಗೆ ಕೊಡತಕ್ಕದ್ದೆಂದು ವಿಧಿಸಿದಳು. ಮಗಳು ಚಿಕ್ಕಮ್ಮನಿಗೆ ಹಾಗೆಂದು ಬರೆದುಕೊಟ್ಟಳು, ಆಮೇಲೆ, "ಚಿಕ್ಕಮ್ಮ ನನಗೇನು ಕೊಟ್ಟಿದ್ದಾಳೆ?" ಎಂದು ತಕರಾರು ತೆಗೆದಳು. ಅಕ್ಕ ಕೊಟ್ಟದ್ದು ತಂಗಿಯ ಹಕ್ಕಿಗೆ ಸಾಕೆಂದು ಕೋರ್ಟು ತೀರ್ಮಾನಿಸಿತು. ಮನೆಯೊಳಗೆ ಕೊಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು ಎಂಬ ಲೋಕರೂಢಿಗೆ ಇಲ್ಲಿ ಕಾಯಿದೆಯ ಮನ್ನಣೆ ದೊರೆಯಿತು. ನಮ್ಮ 2019ರ ಗ್ರಾಹಕ ರಕ್ಷಣಾ ಕಾಯಿದೆಯೂ ಇದೇ ಧೋರಣೆಯದು: ಹಣ ಕೊಟ್ಟು ಕೊಂಡವನು ಮಾತ್ರವಲ್ಲದೆ, ಅವನ ಒಪ್ಪಿಗೆಯಿಂದ ವಸ್ತುವನ್ನು ಬಳಸುವವನೂ ಗ್ರಾಹಕನೇ. ಮಾವ ಕೊಡಿಸಿದ ಕಾರಿನ ದೋಷಕ್ಕಾಗಿ ಅಳಿಯ ಇಲ್ಲಿನ ಗ್ರಾಹಕ ಆಯೋಗಕ್ಕೆ ಹೋಗಬಹುದು. ಆದರೆ ಬೀಗುವುದು ಬೇಡ. ಅಂಗಡಿಯ ತಪ್ಪಿಗೆ ಕಾರ್ಡಿನ ಬ್ಯಾಂಕನ್ನೂ ಜಂಟಿ ಹೊಣೆಗಾರನನ್ನಾಗಿ ಹಿಡಿಯುವ ಕಲಮು ನಮ್ಮ ದೇಶದಲ್ಲಿಲ್ಲ. ಅಂಗಡಿ ಮುಚ್ಚಿಹೋದರೆ ಇಲ್ಲಿ ಅಳಿಯನ ಕೈಯಲ್ಲಿ ಉಳಿಯುವುದು ತೀರ್ಪಿನ ಕಾಗದವಷ್ಟೆ.

ಕಾಸರಗೋಡು ಸೀಮೆಯ ಎಷ್ಟೋ ಮನೆತನಗಳಿಗೆ ಮಾವ ಅಳಿಯಂದಿರ ಹಣದ ಸಂಬಂಧ ಹೊಸದಲ್ಲ. ಅಳಿಯಕಟ್ಟಿನಲ್ಲಿ ಮಾವನ ಬಳಿಕ ಯಜಮಾನಿಕೆ ಬರುತ್ತಿದ್ದುದು ಅಕ್ಕತಂಗಿಯರ ಮಕ್ಕಳಿಗೆ. ಅಲ್ಲಿ 'ಕುಟುಂಬ'ವೆಂಬುದು ಕೋರ್ಟೂ ಕಂಡು ಗುರುತಿಸುವ ವಸ್ತುವಾಗಿತ್ತು. ಅದಕ್ಕೆ ಆಸ್ತಿಯಿತ್ತು, ಸಾಲವಿತ್ತು, ಪರವಾಗಿ ರುಜು ಹಾಕುವ ಯಜಮಾನನಿದ್ದ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅವಿಭಕ್ತ ಹಿಂದೂ ಕುಟುಂಬ ಪದ್ಧತಿಯನ್ನು ರದ್ದುಗೊಳಿಸಿದ ಕೇರಳದ 1975ರ ಕಾಯಿದೆ 1976ರ ಡಿಸೆಂಬರ್ ಒಂದರಂದು ಜಾರಿಗೆ ಬಂದು, ಆ ಕಟ್ಟನ್ನು ಕಾಗದದ ಮೇಲೆ ಬಿಚ್ಚಿಹಾಕಿತು. ಕಾಗದದ ಮೇಲೆ ಬಿಚ್ಚಿದ್ದು ಮನಸ್ಸಿನಲ್ಲಿ ಬಿಚ್ಚಿಲ್ಲ. ಮಾವ ಇಂದಿಗೂ ಜೇಬಿಗೆ ಕೈಹಾಕುವುದು ಆ ಹಳೆಯ ಯಜಮಾನನ ಗತ್ತಿನಲ್ಲಿಯೇ. ಕಾರ್ಡನ್ನು ಕೊಡುವ ಬ್ಯಾಂಕು ಮಾತ್ರ ಯಜಮಾನನನ್ನು ಅರಿಯದು. ಅದರ ಪುಸ್ತಕದಲ್ಲಿ ಅವನೊಬ್ಬ ಖಾತೆದಾರ.

ಹಾಗಾದರೆ ನೆರವು ಕೊಡಬಾರದೇ? ಅವಶ್ಯ ಕೊಡಬೇಕು, ಅದು ಹರಿಯುವ ಕಾಲುವೆಯನ್ನು ತಿಳಿದು ತೋಡಿದರಾಯಿತು. ಅಳಿಯನ ಹೆಸರಿನಲ್ಲಿ ಎಷ್ಟೇ ಸಣ್ಣದಾದರೂ ಒಂದು ಕ್ರೆಡಿಟ್ ಕಾರ್ಡು ಇದ್ದರೆ, ಮುಂಗಡದ ಒಂದಂಶವನ್ನಾದರೂ ಅವನೇ ಅದರಿಂದ ನೇರವಾಗಿ ಅಂಗಡಿಗೆ ಕೊಡಲಿ. ಮಾವ ತನ್ನ ಸಾವಿರವನ್ನು ಅಂಗಡಿಗೆ ಕೊಡದೆ ಅಳಿಯನ ಖಾತೆಗೆ ಹಾಕಲಿ. ಭಾಗಶಃ ಕೊಟ್ಟರೂ ಪೂರ್ತಿ ರಕ್ಷಣೆಯೆಂಬ ಮಾತನ್ನು ಮೇಲೆ ಹೇಳಿದೆಯಷ್ಟೆ. ಅದರಂತೆ ಮಾವನ ಕಾರ್ಡಿನ ಸಾವಿರ ಮಾಡಲಾರದ್ದನ್ನು ಅಳಿಯನ ಕಾರ್ಡಿನ ಐವತ್ತು ಮಾಡುತ್ತದೆ. ಅಳಿಯನಿಗೆ ಕಾರ್ಡೇ ಇಲ್ಲವೆಂದಾದರೆ ಮಾವನೇ ಕೊಳ್ಳುವವನಾಗಬೇಕು. ಆರ್ಡರಿನ ಕಾಗದ, ಬಿಲ್ಲು ಎರಡರಲ್ಲಿಯೂ ಮಾವನ ಹೆಸರಿರಬೇಕು, ಇಲ್ಲವೇ ಇಬ್ಬರೂ ಕೂಡಿ ಕೊಂಡದ್ದೆಂದು ಇಬ್ಬರ ಹೆಸರೂ ಇರಬೇಕು. ಮಾವ ತನ್ನ ಖಾತೆಯ ಮೇಲೆ ಅಳಿಯನಿಗೊಂದು ಹೆಚ್ಚಿನ ಕಾರ್ಡನ್ನು ಮಾಡಿಸಿಕೊಟ್ಟರೆ ಸಾಕೆಂದು ಕೆಲವರು ತಿಳಿಯುತ್ತಾರೆ. ಅದು ಸಾಲದು, ಕಾರ್ಡಿನ ಮೇಲೆ ಅಳಿಯನ ಹೆಸರಿದ್ದರೂ ಸಾಲಗಾರ ಮಾವನೇ.

ಇನ್ನೊಂದು ಮಾತು. ಅಲ್ಲಿ ಕಾರಿನೊಡನೆ ಬರುವ ನೋಂದಣಿಯ ದಾಖಲೆ ಕಾರನ್ನು ಇಟ್ಟುಕೊಂಡವನು ಯಾರೆಂದು ಹೇಳುತ್ತದೆಯೇ ಹೊರತು ಒಡೆಯನು ಯಾರೆಂದು ಸಾಧಿಸುವುದಿಲ್ಲ. ಆದುದರಿಂದ ಬಿಲ್ಲು ಮಾವನ ಹೆಸರಿನಲ್ಲಿ, ನೋಂದಣಿ ಅಳಿಯನ ಹೆಸರಿನಲ್ಲಿ ಇರುವುದಕ್ಕೆ ಅಡ್ಡಿಯಿಲ್ಲ. ವಿಮೆಯವರಿಗೆ ಮಾತ್ರ ಒಡೆಯ ಯಾರು, ಹೆಚ್ಚಾಗಿ ಓಡಿಸುವವನು ಯಾರು ಎಂಬುದನ್ನು ಇದ್ದಂತೆ ಹೇಳಬೇಕು. ಕಂತು ಕಡಿಮೆಯಾದೀತೆಂದು ಮಾವನೇ ಓಡಿಸುವವನೆಂದು ಬರೆಸಿದರೆ ಅದು ವಂಚನೆಯಾಗುತ್ತದೆ; ಅಪಘಾತದ ದಿನ ವಿಮೆ ಕೈಬಿಡುತ್ತದೆ.

ಕಾಗದದ ಈ ಕೆಲಸ ಸುಲಭ; ಮನಸ್ಸಿನ ಕೆಲಸ ಕಷ್ಟ. ಬಿಲ್ಲಿನಲ್ಲಿ ಮಾವನ ಹೆಸರಿದ್ದರೆ ಕಾಯಿದೆಯ ಮಟ್ಟಿಗೆ ಕಾರು ಮಾವನದು. ಅಳಿಯನ ಹೆಂಡತಿ, "ಇದು ನಮ್ಮದೋ, ಅವರದೋ?" ಎಂದು ಕೇಳಿಯಾಳು. ಮಾವನ ಮಕ್ಕಳು ನಾಳೆ ಇನ್ನೊಂದು ಅರ್ಥ ಕಟ್ಟಿಯಾರು. ಹೆಸರು ಹಾಕೆಂದು ಮಾವ ತಾನಾಗಿ ಕೇಳಿದರೆ ಜಿಪುಣನೆನ್ನಿಸಿಕೊಳ್ಳುತ್ತಾನೆ. ಹಾಕುತ್ತೇನೆಂದು ಅಳಿಯ ಹೇಳಿದರೆ ಉಪಕಾರವನ್ನು ಸಾಲವಾಗಿ ಎಣಿಸಿದನೆಂಬ ಮಾತು ಬರುತ್ತದೆ. ಈ ಸಂಕೋಚದಿಂದಲೇ ನಾವು ಬರೆಯಬೇಕಾದದ್ದನ್ನು ಬರೆಯದೆ ಬಿಡುತ್ತೇವೆ. ಸಂಕೋಚಕ್ಕೆ ಬೆಲೆ ತೆರುವವನು ಯಾವಾಗಲೂ ಕಿರಿಯವನು. ನಮ್ಮ ಮನೆಯಲ್ಲಿ ಅದರ ಬೆಲೆ 6,200 ಪೌಂಡು. ಕೊಳ್ಳುವ ದಿನದ ಐದು ನಿಮಿಷದ ಮುಜುಗರವನ್ನು ಸಹಿಸಿದ್ದರೆ ಆಮೇಲಿನ ಅಷ್ಟು ದಿನಗಳ ಮೌನ ಒದಗುತ್ತಿರಲಿಲ್ಲ. ಪ್ರೀತಿಯಿಂದ ಕೊಟ್ಟದ್ದಕ್ಕೆ ಹೆಸರು ಬರೆದಿಟ್ಟರೆ ಪ್ರೀತಿಗೇನೂ ಕುಂದಿಲ್ಲ. ದೇವಸ್ಥಾನದ ದೀಪದ ಮೇಲೆ ಸೇವಾಕರ್ತರ ಹೆಸರು ಕೊರೆಯಿಸಿದರೆ ಭಕ್ತಿ ಕಡಿಮೆಯಾಯಿತೆಂದು ಯಾರೂ ಹೇಳುವುದಿಲ್ಲವಷ್ಟೆ.

ತಮ್ಮನ ಮನೆಗೆ ಈಗಲೂ ಊರಿನಿಂದ ಹುಡುಗರು ಬಂದು ಇಳಿಯುತ್ತಾರೆ. ಈಗಲೂ ಅವನ ಕೈ ಧಾರಾಳ. ಆದರೆ ಬಂದವರು ಕಾರಿನ ಮಾತೆತ್ತಿದರೆ, ಎಷ್ಟು ಹಣ ಬೇಕೆಂದು ಅವನು ಮೊದಲು ಕೇಳುವುದಿಲ್ಲ. "ನಿನ್ನ ಹೆಸರಿನ ಕಾರ್ಡು ಉಂಟೋ?" ಎಂದು ಕೇಳುತ್ತಾನೆ. ಇಲ್ಲವೆಂದರೆ ಕಾಗದ ಪೆನ್ನು ತೆಗೆದು, ಯಾರ ಹೆಸರು ಎಲ್ಲಿ ಬರಬೇಕೆಂದು ಬರೆದು ತೋರಿಸುತ್ತಾನೆ. ಹಣದ ಮಾತು ಅದಾದ ಮೇಲೆ.